ನೀರಿಲ್ಲದ ಬಾವಿಯ ಕೆಂಪು ವೈನ್

ಬಾವಿ ತೋಡಿಸುತ್ತಿರುವಾಗ, ಇನ್ನೇನು ನೀರು ಸಿಕ್ಕೀತೆಂಬ ಸೂಚನೆ ಬಂದ ಕೂಡಲೇ ಗಾಬರಿಗೊಂಡು ಕೆಲಸ ನಿಲ್ಲಿಸಿದ ಮನುಷ್ಯನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಬೇಲಿಗೆ ಬೇಲಿ ತಾಗಿಸಿ ನಲವತ್ತೈದು ವರ್ಷ ಸಂಸಾರವನ್ನೂ ಮಾಡಿದ್ದೇನೆ!

ಹಿರಿಯಡ್ಕದ ಹೋಟೆಲುಗಳಲ್ಲಿ ನನ್ನ ನೆರೆಯ ಪೊರ್ಬುಗಳ ಈ ಬಾವಿಯ ಕುರಿತು ಚಾಲ್ತಿಯಲ್ಲಿರುವ ಕಥೆ ಬೇರೆಯೇ. ಜಾಗ ತೋರಿಸಿದವನು ತಪ್ಪಿ ತೋರಿಸಿದ, ನೀರು ಸಿಗಲಿಲ್ಲ, ಪಾಪ, ಪೊರ್ಬುಗಳ ಗ್ರಹಚಾರ ಎಂದು ಚಹಾ ಹೀರುತ್ತ ಮರುಗುವವರು ಇಂದಿಗೂ ಇದ್ದಾರೆ. ಹತ್ತು ಜನ ಒಂದೇ ಮಾತನ್ನು ಹೇಳಿದರೆ ಅವರಲ್ಲಿ ಒಂಬತ್ತು ಜನ ವಿಚಾರಿಸಿಯೇ ಇಲ್ಲವೆಂದು ತಿಳಿಯುವುದು ನನ್ನ ಹಳೆಯ ಕಾಯಿಲೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಗುರುಗಳು ಇರುವುದಿಲ್ಲ ನೋಡಿ, ಅನುಮಾನವೇ ಗುರು. ಆದ್ದರಿಂದ ಬಾವಿ ತೋಡಿದವನನ್ನೇ ಹುಡುಕಿಕೊಂಡು ಬಜಗೋಳಿಗೆ ಹೋಗಿ ಕೇಳಿದೆ.

"ಎಂತ ಹೇಳುದು ಶೆಟ್ರೇ," ಎಂದ ಆತ. "ಎಂಟು ಕೋಲು ಇಳಿದಾಗ ಕಲ್ಲಿನಲ್ಲಿ ಪಸೆ ಕಂಡಿತು. ಇನ್ನೆರಡು ಕೋಲಿಗೆ ನೀರು ಗ್ಯಾರಂಟಿ ಅಂತ ಖುಷಿಯಲ್ಲಿ ಕೂಗಿದೆ. ಪೊರ್ಬುಗಳು ಮೇಲಿಂದ, 'ನಿಲ್ಲಿಸು ಮಾರಾಯ, ಇನ್ನು ಒಂದು ಏಟು ಹಾಕಬೇಡ' ಅಂತ ಬೊಬ್ಬೆ ಹಾಕಿದ್ರು! ನಾನು ಹೆದರಿ ಮೇಲೆ ಬಂದೆ. ನೋಡಿದ್ರೆ ಅವರು ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಕೆಳಗೆ ಬಿಡ್ತಾ ಇದ್ದಾರೆ. ಬಾವಿಗೆ ಜ್ವರವೋ ಅಂತ ಕೇಳಿದೆ. ನಗಲಿಲ್ಲ ಅವರು."

ನಗುವುದು ಹೇಗೆ? ಅವರು ಬಾವಿ ತೋಡಿಸಿದ್ದು ನೀರಿಗಲ್ಲ, ವೈನಿಗೆ! ಕೆಂಪು ಮುರಕಲ್ಲಿನ ಒಳಗೆ ತಂಪು ನಿಲ್ಲುತ್ತದೆಂದು ಯಾವುದೋ ಪುಸ್ತಕದಲ್ಲಿ ಓದಿದ್ದರು. ಗೋಡೆಗೆ ಸುತ್ತಲೂ ಮೆಟ್ಟಿಲು ಕಡಿಸಿದರು, ಮೇಲೆ ಹಂಚಿನ ಮಾಡು ಹೊದಿಸಿದರು, ಕೆಳಗೆ ಹಲಸಿನ ಹಲಗೆಯ ಗೂಡುಗಳನ್ನು ಮಾಡಿಸಿದರು. ಆ ಪುಸ್ತಕದ ಪ್ರಕಾರ ನೆಲಮಾಳಿಗೆಯಲ್ಲಿ ಹದಿನಾಲ್ಕು ಡಿಗ್ರಿ ಇರಬೇಕಂತೆ. ನಾನು ನೋಡಿದ ಯಾವ ದಿನವೂ ಅದು ಇಪ್ಪತ್ತನಾಲ್ಕಕ್ಕಿಂತ ಕೆಳಗೆ ಇಳಿದದ್ದಿಲ್ಲ. ಆ ಮಾತನ್ನೆತ್ತಿದರೆ, "ಶೆಟ್ರೇ, ಹೊರಗಿನ ಮೂವತ್ತೈದನ್ನು ನೋಡಿ ಮಾತಾಡಿ," ಎನ್ನುತ್ತಿದ್ದರು. ಮಳೆಗಾಲದಲ್ಲಿ ಗೋಡೆಯಿಂದ ನೀರು ಒಸರುವುದೂ ಉಂಟು. ಆಗ ಇವರು ದಿನಕ್ಕೆರಡು ಬಾರಿ ಇಳಿದು ಬಾಲ್ದಿಯಲ್ಲಿ ಅದನ್ನು ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಅದೇ ಹೊತ್ತಿನಲ್ಲಿ ಅವರ ಹೆಂಡತಿ, ನಾವು ಬಾಯಮ್ಮ ಎಂದು ಕರೆಯುವ ಹೆಂಗಸು, ನಮ್ಮ ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ನನ್ನ ಹೆಂಡತಿಗೆ ಹೇಳುತ್ತಿದ್ದರು: "ನೋಡಿದ್ರಾ ಅಕ್ಕಾ? ಇಡೀ ಊರಿನಲ್ಲಿ ಬಾವಿಯಿಂದ ನೀರೆತ್ತಿ ಬೀದಿಗೆ ಎಸೆಯುವ ಗಂಡಸು ನನ್ನವರೊಬ್ಬರೇ!"

ಪೊರ್ಬುಗಳೆಂದರೆ ನಮ್ಮ ಕಡೆ ಕ್ರೈಸ್ತ ಗೃಹಸ್ಥರನ್ನು ಮರ್ಯಾದೆಯಿಂದ ಕರೆಯುವ ರೀತಿ. ಇವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಗುಣಿತ ಸರಿಯಿಲ್ಲವೆಂದು ಒಂದು ಗಂಟೆ ಪಾಠ ಹೇಳಿಯಾರು. ಮೂವತ್ತು ವರ್ಷ ಪ್ರಯಾಣಿಕರ ಹಡಗಿನಲ್ಲಿ ಊಟದ ಕೋಣೆಯ ಸ್ಟ್ಯೂವರ್ಡ್ ಆಗಿದ್ದವರು. ಏಕೈಕ ಮಗಳು ಜೆಸಿಂತಾ ಹುಟ್ಟಿದ ಸುದ್ದಿಯ ತಂತಿ ತಲುಪಿದಾಗ ಹಡಗು ಪೋರ್ಚುಗಲ್ಲಿನ ಒಂದು ಬಂದರಿನಲ್ಲಿತ್ತು. ಅಲ್ಲಿಯ ಮುದುಕನಾದ ವೈನ್ ವ್ಯಾಪಾರಿಯೊಬ್ಬ ಈ ಹೊಸ ತಂದೆಯ ಕೈಕುಲುಕಿ ಹೇಳಿದನಂತೆ: ಮಗಳು ಹುಟ್ಟಿದ ವರ್ಷದ ದ್ರಾಕ್ಷಿಯ ವೈನನ್ನು ತೆಗೆದಿಟ್ಟು ಅವಳ ಮದುವೆಯ ದಿನ ತೆರೆಯುವುದು ನಮ್ಮ ಪದ್ಧತಿ. ಆ ವರ್ಷದ ದ್ರಾಕ್ಷಿ ಇನ್ನೂ ಬಳ್ಳಿಯಲ್ಲೇ ಇತ್ತು! ಆದರೂ ಇವರು ಇಪ್ಪತ್ತನಾಲ್ಕು ಬಾಟಲಿಗಳಿಗೆ ಅಲ್ಲಿಯೇ ಮಾತು ಕೊಟ್ಟು ಬಂದರು.

"ಪೊರ್ಬುಗಳೇ," ಎಂದು ನಾನು ಒಮ್ಮೆ ಕೇಳಿದೆ, "ಮಾರುವವನು ಹೇಳಿದ ಪದ್ಧತಿಯನ್ನು ನಂಬುವುದೇ? ಗಂಡು ಹುಟ್ಟಿದ್ದರೆ ಗಂಡಿಗೂ ಒಂದು ಪದ್ಧತಿ ಹೇಳುತ್ತಿದ್ದ ಅವನು."

ಅವರು ಹೇಳಿದರು: "ಸುಳ್ಳೇ ಇರಲಿ ಶೆಟ್ರೇ. ಒಳ್ಳೆಯ ಸುಳ್ಳಲ್ವಾ?"



ವೈನು ಪೀಪಾಯಿಯಲ್ಲಿ ಬಲಿತು ಬಾಟಲಿಗೆ ಇಳಿಯುವಾಗ ಮಗಳಿಗೆ ಮೂರು ವರ್ಷ. ಅಷ್ಟರಲ್ಲಿ ಇಲ್ಲಿ ಬಾವಿ ಸಿದ್ಧವಾಗಿತ್ತು. ಒಂದು ಯಾನಕ್ಕೆ ಎರಡೇ ಬಾಟಲಿ ತರಲು ಸಾಧ್ಯವಿದ್ದ ಕಾರಣ ಹನ್ನೆರಡು ಯಾನ ಬೇಕಾಯಿತು. ಪ್ರತಿಸಲವೂ ಅದೇ ಬಂದರು, ಅದೇ ಅಂಗಡಿ, ಅದೇ ಎರಡು ಬಾಟಲಿ! ಮುಂಬಯಿಯಲ್ಲಿ ಸುಂಕದ ಅಧಿಕಾರಿಯೊಬ್ಬರಿಗೆ ಅನುಮಾನ ಬಂತು. ಜಗತ್ತಿನಲ್ಲಿ ಬೇರೆ ವೈನೇ ಇಲ್ಲವೇ, ಇದರೊಳಗೆ ಏನಿದೆ ಎಂದು ಗದರಿಸಿದರಂತೆ. "ಮಗಳ ಮದುವೆಗೆ, ಸಾರ್," ಎಂದರು ಇವರು. "ಮದುವೆ ಯಾವಾಗ?" "ಗೊತ್ತಿಲ್ಲ ಸಾರ್. ಅವಳು ಈಗ ಒಂದನೇ ಕ್ಲಾಸು." ಆ ಅಧಿಕಾರಿ ನಕ್ಕು ಬಾಟಲಿಯನ್ನು ತಮ್ಮ ಕೈಯಾರೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆಂದು ಪೊರ್ಬುಗಳು ಹೇಳುತ್ತಾರೆ. ಸಾಕ್ಷಿ ಇಲ್ಲ. ಆದರೆ ಬಾಟಲಿಗಳು ಇದ್ದವು, ನಾನೇ ಎಣಿಸಿದ್ದೇನೆ.

ಇವರ ಆಸೆ ದೊಡ್ಡದೇನಲ್ಲ. ಕ್ರೈಸ್ತರ ಮದುವೆಯಲ್ಲಿ ಕೇಕು ಕತ್ತರಿಸಿದ ಮೇಲೆ ಎಲ್ಲರೂ ಎದ್ದುನಿಂತು ವೈನಿನ ಲೋಟ ಎತ್ತುವ ಕ್ರಮವಿದೆ. ಸಾಮಾನ್ಯವಾಗಿ ಅದು ಸಕ್ಕರೆ ಪಾನಕದ ಅಣ್ಣನಂಥ ಒಂದು ಕೆಂಪು ದ್ರವ. ತನ್ನ ಮಗಳ ಮದುವೆಯಲ್ಲಿ ಮಾತ್ರ, ಅವಳಷ್ಟೇ ವಯಸ್ಸಿನ, ಮೈತುಂಬಿ ಬಲಿತ ನಿಜವಾದ ವೈನನ್ನು ಜನ ಕುಡಿಯಬೇಕು. ಇಷ್ಟೇ.

ಆದರೆ ಮಗಳು ಮದುವೆಯಾಗಬೇಕಲ್ಲ!

ಜೆಸಿಂತಾ ಓದಿದಳು, ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್ ಆದಳು. ಲಕ್ವ ಹೊಡೆದು ಮಲಗಿದವರನ್ನು ಎಬ್ಬಿಸಿ ನಡೆಸುವ ಕೆಲಸ. ಕಾಪುವಿನಿಂದ ಒಂದು ಸಂಬಂಧ ಬಂತು, ದುಬಾಯಿಯಿಂದ ಎರಡು ಬಂದವು. ಎಲ್ಲರಿಗೂ ಅವಳು ಒಳ್ಳೆಯ ಕಾಫಿ ಮಾಡಿಕೊಟ್ಟು, ಅವರೊಡನೆ ಬಂದ ಅಜ್ಜಿಯರ ಮೊಣಕಾಲಿಗೆ ವ್ಯಾಯಾಮ ಹೇಳಿಕೊಟ್ಟು, ನಗುತ್ತ ಕಳುಹಿಸಿಬಿಟ್ಟಳು. ಅವಳಿಗೆ ಇಪ್ಪತ್ತೈದು ತುಂಬಿದಾಗ ಪೊರ್ಬುಗಳಿಗೆ ಹೊಸ ಚಿಂತೆ ಹತ್ತಿತು. ವೈನು ಎಂಬುದು ಜೀವವಿರುವ ವಸ್ತು. ಬೆಳೆಯುತ್ತದೆ, ತುಂಬುತ್ತದೆ, ಆಮೇಲೆ ಇಳಿಯುತ್ತದೆ. ಮದುವೆಯ ತನಕ ಇದು ಬದುಕುತ್ತದೋ ಇಲ್ಲವೋ? ಅಂದಿನಿಂದ ಒಂದು ಶಾಸನ ಜಾರಿಯಾಯಿತು: ಪ್ರತಿವರ್ಷ ಮಗಳ ಹುಟ್ಟುಹಬ್ಬದ ಮಧ್ಯಾಹ್ನ ಮೂರು ಗಂಟೆಗೆ ಒಂದು ಬಾಟಲಿಯನ್ನು ತೆರೆದು ಜೀವ ಪರೀಕ್ಷೆ ಮಾಡತಕ್ಕದ್ದು. ಪರೀಕ್ಷಾ ಮಂಡಳಿಯ ಸದಸ್ಯರು ಇಬ್ಬರು, ಅವರು ಮತ್ತು ನಾನು.

ನಾನೇ ಏಕೆ? ಆವರೆಗೆ ನಾನು ಮುಟ್ಟಿದ ಅತ್ಯಂತ ಉಗ್ರವಾದ ಪಾನೀಯವೆಂದರೆ ಕಷಾಯ! ಅದನ್ನೇ ಕೇಳಿದೆ. "ಅದಕ್ಕೇ ನೀವು," ಎಂದರು. "ಕುಡಿಯುವವರು ಪ್ರೀತಿಯಲ್ಲಿ ಸುಳ್ಳು ಹೇಳ್ತಾರೆ. ನಿಮಗೆ ಯಾರ ಮೇಲೆಯೂ ನಂಬಿಕೆ ಇಲ್ಲ. ಅಂಥವರ ನಾಲಗೆ ಬೇಕು ನನಗೆ." ಇಷ್ಟು ದೊಡ್ಡ ಪ್ರಶಸ್ತಿ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಮೊದಲನೆಯ ಪರೀಕ್ಷೆಗೆ ಹೋದಾಗ ಬಾವಿಯ ಬಾಯಲ್ಲೇ ನನ್ನನ್ನು ತಡೆದರು. ಮೂಸಿ ನೋಡಿ, "ತೆಂಗಿನೆಣ್ಣೆ!" ಎಂದರು, ಕಳ್ಳನನ್ನು ಹಿಡಿದವರಂತೆ. ತಲೆಗೆ ಎಣ್ಣೆಯಿಲ್ಲದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾನೆ? ಮನೆಗೆ ಹೋಗಿ ಸೀಗೆಕಾಯಿ ಹಾಕಿ ತೊಳೆದು ಬಂದೆ. ಮತ್ತೆ ಮೂಸಿದರು. "ಈಗ ಸೀಗೆಕಾಯಿ!" ಮೂರನೆಯ ಬಾರಿ ಬರೀ ನೀರಿನಲ್ಲಿ ಮಿಂದು, ನಡುಗುತ್ತ ಇಳಿದೆ. ಅಂದು ಅವರ ಮನೆಯಲ್ಲಿ ಮೀನು ಹುರಿಯುವುದಕ್ಕೂ ನಿಷೇಧ. ಅಡುಗೆಮನೆಯ ಕಿಟಕಿಯಿಂದ ಬಾಯಮ್ಮ ಕೂಗಿದರು: "ಶೆಟ್ರೇ, ಉಸಿರಾಡಲಿಕ್ಕೆ ಪರ್ಮಿಷನ್ ಉಂಟಾ ಇಲ್ವಾ ಕೇಳಿಕೊಳ್ಳಿ!"

ಕೆಳಗಿನ ವಿಧಿಯನ್ನು ಮಾತ್ರ ನಾನು ತಮಾಷೆ ಮಾಡಲಾರೆ. ಗಷ್ಟು ತಳಕ್ಕೆ ಕೂರಲೆಂದು ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿರುತ್ತಾರೆ. ಹಳೆಯ ಬಿರಡೆ ಪುಡಿಯಾಗದಂತೆ, ಮಗುವಿನ ಕಿವಿಯೋಲೆ ಬಿಚ್ಚುವಷ್ಟು ನಯವಾಗಿ ಎಳೆಯುತ್ತಾರೆ. ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಹಿಡಿದು, ಗಾಜಿನ ಹೂಜಿಗೆ ನೂಲಿನಷ್ಟು ಸಪೂರ ಧಾರೆಯಾಗಿ ಬಗ್ಗಿಸುತ್ತಾರೆ. ಕಪ್ಪು ಗಷ್ಟು ಕತ್ತಿಗೆ ಬಂತೋ, ಕೈ ನಿಂತಿತು. ಒಂದು ತೊಟ್ಟು ಹೆಚ್ಚಿಲ್ಲ, ಕಡಮೆಯಿಲ್ಲ. ಮೂವತ್ತು ವರ್ಷ ಅಲುಗುವ ಹಡಗಿನಲ್ಲಿ ಬಡಿಸಿದ ಕೈ! ಯಾವ ವಿದ್ಯೆಯಾದರೂ ಸರಿ, ಅದನ್ನು ಇಷ್ಟು ಪೂರ್ತಿಯಾಗಿ ಕಲಿತವರನ್ನು ನಾನು ಹೆಚ್ಚು ಕಂಡಿಲ್ಲ.

ಜಗಳವಾದದ್ದು ಆಮೇಲೆ. ಲೋಟವನ್ನು ತಿರುಗಿಸಿ, ಕಣ್ಣು ಮುಚ್ಚಿ, ಪೊರ್ಬುಗಳು ಹೇಳಿದರು: "ಚೆರ್ರಿ... ಸೀಡರ್ ಮರ... ಹಳೆಯ ಚರ್ಮ."

"ಚೆರ್ರಿ ಎಲ್ಲಿ ತಿಂದಿದ್ದೀರಿ?" ಎಂದೆ.

"ಕೇಕಿನ ಮೇಲೆ."

"ಸೀಡರ್ ಮರ ಎಲ್ಲಿ ನೋಡಿದ್ದೀರಿ?"

"ನೋಡಲಿಲ್ಲ."

"ಚರ್ಮ? ನಮ್ಮಲ್ಲಿ ಚರ್ಮವೆಂದರೆ ಚಪ್ಪಲಿ. ಅದನ್ನೂ ಹೊರಗೇ ಬಿಟ್ಟು ಬಂದಿದ್ದೇವೆ."

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಲೋಟವನ್ನು ನೋಡಿ, "ಹೌದಲ್ವಾ? ಇದೆಲ್ಲ ಹಡಗಿನ ಸಾಹೇಬರು ಹೇಳಿದ್ದು. ಇಷ್ಟು ವರ್ಷ ನಾನು ಅವರ ಮೂಗಿನಿಂದ ಮೂಸಿದ್ದು," ಎಂದರು. ಅಂದಿನಿಂದ ನಾವಿಬ್ಬರೂ ನಮ್ಮದೇ ಮೂಗಿನಿಂದ ಮೂಸತೊಡಗಿದೆವು. ಮೊದಲು ಬರುವ ಕೆಂಪು ಹುಳಿ ಪರಿಮಳ, ಒಣಗಿಸಿದ ಪುನರ್ಪುಳಿಯ ಸಿಪ್ಪೆ. ಅದರ ಹಿಂದೆ, ಹಳೆಯ ಹಲಸಿನ ಪೆಟ್ಟಿಗೆಯನ್ನು ತೆರೆದಾಗಿನ ಗಾಳಿ. ನಾಲಗೆಯ ಎರಡೂ ಬದಿಯನ್ನು ಹಿಡಿದು ಜಗ್ಗುವ ಒಗರು, ಗೇರುಹಣ್ಣಿನದ್ದು. ಮೈತುಂಬಿದ ವೈನೆಂದರೆ ಏನೆಂದು ನಾನು ಕೇಳಿದಾಗ ಬಾಯಮ್ಮನೇ ಮೇಲಿನಿಂದ ಬಿಡಿಸಿ ಹೇಳಿದರು: "ತೆಂಗಿನಕಾಯಿಯ ಮೊದಲ ಹಾಲು, ಮೂರನೆಯ ಹಾಲು. ಅಷ್ಟೇ ವ್ಯತ್ಯಾಸ. ಇದಕ್ಕೆ ಹಡಗು ಹತ್ತಬೇಕಾ?" ಇಷ್ಟಾದರೂ ಚರ್ಮವನ್ನು ನಾನು ಒಪ್ಪಿರಲಿಲ್ಲ. ಆರನೆಯ ವರ್ಷ ಕೊನೆಯ ಗುಟುಕಿನಲ್ಲಿ ಥಟ್ಟನೆ ಗೊತ್ತಾಯಿತು: ಯಕ್ಷಗಾನದ ಆಟಕ್ಕೆ ಮೊದಲು ಚೌಕಿಯಲ್ಲಿ ಬೆಂಕಿಗೆ ಹಿಡಿದು ಕಾಯಿಸುವ ಚೆಂಡೆಯ ಚರ್ಮ! ನಾನು ಕೂಗಿದ್ದಕ್ಕೆ ಪೊರ್ಬುಗಳು ಎದ್ದು ನನ್ನ ಕೈಕುಲುಕಿದರು. ಸಾಹೇಬರೂ ಸಂಪೂರ್ಣ ಸುಳ್ಳರಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಒಮ್ಮೆ ಜೆಸಿಂತಾ ತನ್ನ ಸಂಬಳದಲ್ಲಿ ತಂದೆಯನ್ನೂ ನನ್ನನ್ನೂ ಮಣಿಪಾಲದ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದಳು. ಪರಿಚಾರಕ ಕೆಂಪು ವೈನನ್ನು ಫ್ರಿಜ್ಜಿನಿಂದ ತೆಗೆದು, ಬೆವರುವ ಬಾಟಲಿಯನ್ನು ಎದುರಿಗಿಟ್ಟ. ಪೊರ್ಬುಗಳು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಬಾಟಲಿಯನ್ನು ಕಂಕುಳಲ್ಲಿ ಇರಿಸಿಕೊಂಡು ನೆಟ್ಟಗೆ ಕುಳಿತುಬಿಟ್ಟರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸುತ್ತಲಿನ ವಿದ್ಯಾರ್ಥಿಗಳು ಊಟ ನಿಲ್ಲಿಸಿ ನೋಡುತ್ತಿದ್ದರು. ಮಗಳು ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡು, "ಪಪ್ಪಾ, ಪ್ಲೀಸ್!" ಎಂದಳು. ಇವರು ಗಂಭೀರವಾಗಿ ಹೇಳಿದರು: "ಚಳಿಯಲ್ಲಿ ಇದ್ದವರನ್ನು ಕೂಡಲೇ ಮಾತಾಡಿಸಬಾರದು ಮಗಾ."

ಬಾಯಮ್ಮನಿಗೂ ತಮ್ಮದೇ ವೈನು ಉಂಟು. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಭರಣಿಯ ಬಾಯಿಗೆ ಬಟ್ಟೆ. ಇಪ್ಪತ್ತೊಂದು ದಿನಕ್ಕೆ ಕ್ರಿಸ್ಮಸ್ಸಿಗೆ ತಯಾರು. ಗಂಡ ಅದನ್ನು "ಶರಬತ್ತು" ಎನ್ನುತ್ತಿದ್ದರು. ಪರಿಣತರ ಮೂಗು ಎಷ್ಟು ನಿಜವೆಂದು ನೋಡುವ ಚಪಲ ನನಗೆ. ಒಂದು ಕ್ರಿಸ್ಮಸ್ಸಿನಲ್ಲಿ ಬಾಯಮ್ಮನ ಎರಡು ವರ್ಷದ ಹಳೆಯ ಭರಣಿಯಿಂದ ಸ್ವಲ್ಪ ಸೋಸಿ, ಪರದೇಶದ್ದೆಂದು ಹೇಳಿ ಕೊಟ್ಟೆ. ಪೊರ್ಬುಗಳು ಮೂಸಿದರು, ಬಾಯಿಯಲ್ಲಿ ಆಡಿಸಿದರು. "ಎಳೆಯದು. ಆದರೆ ಪ್ರಾಮಾಣಿಕವಾದ ವೈನು. ಮಾಡಿದವರ ಕೈಯಲ್ಲಿ ಧೈರ್ಯ ಉಂಟು. ಯಾವ ಕಡೆಯವರು ಇವರು?"

"ನಿಮ್ಮ ಮಂಚದ ಎಡಬದಿಯವರು," ಎಂದರು ಬಾಯಮ್ಮ.

ಬೇರೆ ಗಂಡಸಾಗಿದ್ದರೆ ಮಾತು ತಿರುಚುತ್ತಿದ್ದ. ಇವರು ಮರುದಿನವೇ ಆ ಭರಣಿಯಿಂದ ಎರಡು ಬಾಟಲಿ ತುಂಬಿಸಿ, ಹೆಂಡತಿಯ ಹೆಸರು ಬರೆದ ಚೀಟಿ ಅಂಟಿಸಿ, ಬಾವಿಯ ಅತ್ಯುತ್ತಮ ಗೂಡಿನಲ್ಲಿ ಮಲಗಿಸಿದರು!

ಹೀಗೆ ಹದಿನೇಳು ವರ್ಷ ಪರೀಕ್ಷೆ ನಡೆಯಿತು. ಮಗಳನ್ನು ಅವರು ಒಂದು ದಿನವೂ ಮದುವೆಯಾಗೆಂದು ಒತ್ತಾಯಿಸಿದ್ದು ನಾನು ಕೇಳಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮಣಿಪಾಲಕ್ಕೆ ಫೋನು ಮಾಡಿ, ಹುಟ್ಟುಹಬ್ಬದ ಶುಭಾಶಯ ಹೇಳಿ, "ಈ ವರ್ಷವೂ ಜೀವ ಉಂಟು ಮಗಾ," ಎನ್ನುತ್ತಿದ್ದರು. "ಇರಲಿ ಪಪ್ಪಾ," ಎಂಬ ಉತ್ತರ ಬರುತ್ತಿತ್ತು. ಒತ್ತಾಯವಿಲ್ಲ, ನಿಜ. ಆದರೆ ವರ್ಷಕ್ಕೊಮ್ಮೆ ಹೀಗೆ ಒಂದು ಬಾಟಲಿಯ ಆರೋಗ್ಯವನ್ನು ಕೇಳಿಸಿಕೊಳ್ಳುವುದು ಅವಳಿಗೆ ಹೇಗಿತ್ತೋ? ಎಲ್ಲವನ್ನೂ ಅನುಮಾನಿಸುವ ನನಗೆ ಆ ಒಂದು ಅನುಮಾನ ಬರಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಈ ವರ್ಷ ಅವಳಿಗೆ ನಲವತ್ತೆರಡು. ಇಪ್ಪತ್ತನಾಲ್ಕರಲ್ಲಿ ಎರಡು ಬಾಟಲಿ ಮೊದಲೇ ಒಡೆದುಹೋಗಿದ್ದವು. ಉಳಿದ ಬಾಟಲಿ ಐದು. ಒಂದನ್ನು ತೆರೆದೆವು. ಬಣ್ಣ ಅಂಚಿನಲ್ಲಿ ಇಟ್ಟಿಗೆಯ ಹಾಗೆ ಮಾಸಿತ್ತು. ಪೊರ್ಬುಗಳು ಮೂಸಿದರು. ನಾನು ಮೂಸಿದೆ. ಪೆಟ್ಟಿಗೆ ಇತ್ತು, ಚೆಂಡೆ ಇತ್ತು. ಮತ್ತೊಮ್ಮೆ ಮೂಸಿದೆ.

"ಹೇಳಿ ಶೆಟ್ರೇ."

ಸುಳ್ಳು ಹೇಳಬಹುದಿತ್ತು. ಹದಿನೇಳು ವರ್ಷಗಳಲ್ಲಿ ನಾನೂ ಕುಡಿಯುವವನಾಗಿದ್ದೆ, ಪ್ರೀತಿಯೂ ಬೆಳೆದಿತ್ತು. ಆದರೆ ಅವರು ನನ್ನನ್ನು ಆ ಬಾವಿಗೆ ಇಳಿಸಿದ್ದು ಅದಕ್ಕಲ್ಲವಲ್ಲ! "ಪುನರ್ಪುಳಿ ಕಾಣುತ್ತಿಲ್ಲ," ಎಂದೆ.

"ನನಗೂ ಕಾಣಲಿಲ್ಲ. ನಿಮಗಾದರೂ ಕಂಡೀತೇನೋ ಅಂತ..." ಲೋಟವನ್ನು ಕೆಳಗಿಟ್ಟರು. "ಇನ್ನೊಂದು ವರ್ಷ ಕಾಯುದಿಲ್ಲ ಇದು."

ಅಂದು ಅವರು ಮಣಿಪಾಲಕ್ಕೆ ಫೋನು ಮಾಡಲಿಲ್ಲ. ಹುಟ್ಟುಹಬ್ಬದ ಶುಭಾಶಯವನ್ನೂ ಬಾಯಮ್ಮನಿಂದಲೇ ಹೇಳಿಸಿದರು. ಮರುದಿನ ಬಾವಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಅವರು ಜಗಲಿಯಲ್ಲಿ ಕುಳಿತು ನಿನ್ನೆಯ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು. ಹೀಗೆ ನಾಲ್ಕು ದಿನ.

ಭಾನುವಾರ ಹನ್ನೊಂದು ಗಂಟೆಯ ಬಸ್ಸಿನಿಂದ ಜೆಸಿಂತಾ ಇಳಿದಳು. ನಾನು ಅಲ್ಲಿಯೇ ಜಗಲಿಯಲ್ಲಿದ್ದೆ. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಪಪ್ಪಾ, ಫೋನ್ ಯಾಕೆ ಮಾಡಲಿಲ್ಲ?"

"ಹೇಳಲಿಕ್ಕೆ ಎಂತ ಇರಲಿಲ್ಲ."

"ವೈನ್ ಹೋಯ್ತಾ?"

"ಹೋಗಲಿಲ್ಲ. ಹೋಗ್ತಾ ಉಂಟು."

ಅವಳು ಅವರ ಪಕ್ಕದಲ್ಲಿ ಕುಳಿತಳು. ರೋಗಿಗಳೊಡನೆ ಮಾತಾಡಿ ಅಭ್ಯಾಸವಾದ ದನಿ, ಏರಲಿಲ್ಲ. "ಒಂದು ಕೇಳ್ತೇನೆ. ಆ ದಿವಸ ಆ ಅಂಗಡಿಯಲ್ಲಿ ನೀವು ಖುಷಿಪಟ್ಟದ್ದು ಯಾಕೆ? ನನಗೆ ಮದುವೆ ನಿಶ್ಚಯ ಆಗಿತ್ತಾ?"

"ಇಲ್ಲ ಮಗಾ. ನೀನು ಹುಟ್ಟಿದ್ದು."

"ಹಾಗಾದ್ರೆ ಅದು ನಾನು ಹುಟ್ಟಿದ್ದಕ್ಕೆ ತಂದದ್ದು. ನಾನು ಹುಟ್ಟಿ ಆಯ್ತಲ್ಲ ಪಪ್ಪಾ. ನಲವತ್ತೆರಡು ವರ್ಷ ಆಯ್ತು. ಇನ್ನು ಎಂತಕ್ಕೆ ಕಾಯುದು?"

ಪೊರ್ಬುಗಳು ಎದ್ದು ಹೋಗಿ ಬೀಗದ ಕೈಯನ್ನು ತಂದರು.

ಎರಡು ದಿನ ನೆಟ್ಟಗೆ ನಿಲ್ಲಿಸುವ ಶಾಸ್ತ್ರ ಅಂದು ನಡೆಯಲಿಲ್ಲ. ಮೂಸಿ ನೋಡುವ ತಪಾಸಣೆಯೂ ಇರಲಿಲ್ಲ. ಬಾಯಮ್ಮ ಅಡುಗೆಮನೆಯಲ್ಲಿ ರಾಜಾರೋಷವಾಗಿ ಬಂಗುಡೆ ಹುರಿಯುತ್ತಿದ್ದರು, ನನ್ನ ತಲೆಯಲ್ಲಿ ಎಣ್ಣೆ ಇತ್ತು. ಊಟದ ಮೇಜಿನ ಮೇಲೆ, ಕಿಟಕಿಯ ಬೆಳಕಿನಲ್ಲಿ ಬಾಟಲಿ ತೆರೆಯಿತು. ಮೊದಲ ಲೋಟವನ್ನು ಅವರು ಮಗಳಿಗೆ ಕೊಟ್ಟರು. ಇಷ್ಟು ವರ್ಷಗಳಲ್ಲಿ ಅವಳ ಹೆಸರಿನ ವೈನಿನ ರುಚಿಯನ್ನು ಅವಳೇ ನೋಡಿರಲಿಲ್ಲ! ಬಾಯಮ್ಮನಿಗೆ, ನನಗೆ, ಕೊನೆಗೆ ತಮಗೆ ಬಗ್ಗಿಸಿಕೊಂಡರು. ಮೀನಿನ ಮಸಾಲೆಯ ಎದುರಿಗೆ ಆ ಮುದಿ ವೈನು ಪಾಪ, ಏನು ಮಾಡೀತು ಎಂದುಕೊಂಡು ಕುಡಿದೆ. ಪುನರ್ಪುಳಿ ಇತ್ತೋ ಇಲ್ಲವೋ ನಾನು ಹುಡುಕಲಿಲ್ಲ. ಸಮಸ್ತ ಲೋಕದ ವೈನುಗಳ ಬಗ್ಗೆ ಒಂದೊಂದು ಗಂಟೆ ಮಾತಾಡಬಲ್ಲ ಮನುಷ್ಯ ಒಂದು ಗುಟುಕು ಕುಡಿದು, ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತಿದ್ದರು.

"ಹೇಗುಂಟು ಪಪ್ಪಾ?" ಎಂದಳು ಮಗಳು.

"ವೈನಿಗೆ ಎಂತದೂ ಆಗಲಿಲ್ಲ ಮಗಾ," ಎಂದರು ಅವರು. "ಅದು ಯಾವತ್ತೋ ಹದಕ್ಕೆ ಬಂದಿತ್ತು. ತಡ ಆದದ್ದು ನನಗೆ."

ಜೆಸಿಂತಾ ತನ್ನ ಲೋಟದಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಮುಗಿಸಿ, ಖಾಲಿ ಲೋಟವನ್ನು ತಂದೆಯ ಕಡೆಗೆ ಸರಿಸಿದಳು.

"ಇನ್ನೊಂದು ಸ್ವಲ್ಪ ಹಾಕಿ."